ಮೈಸೂರು–ಮಂಡ್ಯದಿಂದ ಏರ್ ಆಂಬುಲೆನ್ಸ್: ಹಾಸಿಗೆಯಿಂದ ಹಾಸಿಗೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

“ಸಿಸ್ಟರ್, ಹೆಲಿಕಾಪ್ಟರ್ ತರಿಸಿಬಿಡೋಣವೇ? ಅರ್ಧ ಎಕರೆ ಮಾರಿದರೂ ಚಿಂತೆಯಿಲ್ಲ.”

ಮದ್ದೂರಿನ ಕಡೆಯ ರೈತರೊಬ್ಬರು ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು ಹೀಗೆ ಕೇಳಿದ್ದರು. ಒಳಗೆ ಅವರ ಮಗ ವೆಂಟಿಲೇಟರ್ ಮೇಲಿದ್ದ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಸಿಕ್ಕಿತ್ತು. ಹೆಲಿಕಾಪ್ಟರ್ ಬೆಳಗ್ಗೆ ಏಳಕ್ಕೆ ಬರುತ್ತದೆಂದು ಮಾತಾಯಿತು. ಡಿಸೆಂಬರ್ ತಿಂಗಳು. ಎಂಟಾದರೂ ಮಂಜು ಕರಗಲಿಲ್ಲ, ಒಂಬತ್ತಾದರೂ ಹಾರಲು ಅನುಮತಿ ಸಿಗಲಿಲ್ಲ. ಹನ್ನೊಂದರ ಹೊತ್ತಿಗೆ ಕಾಯುವುದನ್ನು ಬಿಟ್ಟು ರಸ್ತೆಯಲ್ಲೇ ಹೊರಟೆವು. ಮೊದಲೇ ಹೊರಟಿದ್ದರೆ ಅಷ್ಟು ಹೊತ್ತಿಗೆ ಹುಡುಗ ಬೆಂಗಳೂರಿನ ಹಾಸಿಗೆಯಲ್ಲಿರುತ್ತಿದ್ದ. ಅವನು ಬದುಕಿದ, ಆದರೆ ಆ ನಾಲ್ಕು ಗಂಟೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅಲ್ಲಿಂದ ಮುಂದೆ ರೋಗಿಯನ್ನು ಬೇರೆ ಊರಿಗೆ ಕಳುಹಿಸುವ ಮಾತು ಬಂದಾಗಲೆಲ್ಲ ನಾನು ಮೊದಲು ನೋಟ್‌ಪುಸ್ತಕ ತೆಗೆಯುತ್ತೇನೆ. ಎಷ್ಟು ವೇಗವಾಗಿ ಹಾರುತ್ತದೆ ಎಂದು ಕೇಳುವುದಿಲ್ಲ. ಈ ಹಾಸಿಗೆ ಬಿಟ್ಟು ಆ ಹಾಸಿಗೆ ಸೇರಲು ಒಟ್ಟು ಎಷ್ಟು ಹೊತ್ತು, ಆ ಹೊತ್ತಿನಲ್ಲಿ ರೋಗಿಯನ್ನು ಎಷ್ಟು ಸಲ ಎತ್ತಿ ಇಳಿಸಬೇಕು ಎಂದು ಕೇಳುತ್ತೇನೆ. ಈ ಬರಹವೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇದೆ. ಮನೆಯವರಿಗೂ ಚಿಕ್ಕ ಆಸ್ಪತ್ರೆಗಳ ನನ್ನ ಸಹೋದ್ಯೋಗಿಗಳಿಗೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಏಕೆ ಕಳುಹಿಸುತ್ತಿದ್ದೇವೆ ಎಂದು ಒಂದು ವಾಕ್ಯದಲ್ಲಿ ಬರೆಯಿರಿ

ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಹೀಗೆ ಕೇಳಿ: “ಇಲ್ಲಿ ಆಗದೆ ಅಲ್ಲಿ ಆಗುವ ಕೆಲಸ ಯಾವುದು, ಡಾಕ್ಟರೇ?” ಉತ್ತರ ಒಂದು ವಾಕ್ಯದಲ್ಲಿ ಬರಬೇಕು. “ಎಕ್ಮೋ ಯಂತ್ರ (ಹೃದಯ, ಶ್ವಾಸಕೋಶಗಳ ಕೆಲಸವನ್ನು ದೇಹದ ಹೊರಗಿನಿಂದ ಮಾಡುವ ಯಂತ್ರ) ಬೇಕು”, “ಶ್ವಾಸಕೋಶದ ಕಸಿ ಮಾಡುವ ತಂಡ ಬೇಕು”, “ಮಗುವಿನ ಈ ಬಗೆಯ ಹೃದಯ ಶಸ್ತ್ರಚಿಕಿತ್ಸೆ ಇಲ್ಲಿಲ್ಲ” ಎನ್ನುವುದು ಉತ್ತರ. “ಅಲ್ಲಿ ದೊಡ್ಡ ಆಸ್ಪತ್ರೆ ಇದೆ” ಎನ್ನುವುದು ಉತ್ತರವಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ತುರ್ತಿನಲ್ಲೇ ಅತಿ ತುರ್ತಾದ ಕಾಯಿಲೆಗಳಿಗೆ ನಮ್ಮ ಎರಡು ಜಿಲ್ಲೆಗಳಲ್ಲಿ ಆಕಾಶದ ದಾರಿ ಬೇಕಾಗುವುದು ಅಪರೂಪ. ಮಂಡ್ಯದಲ್ಲಿ ಒಬ್ಬರಿಗೆ ಹೃದಯಾಘಾತವಾಯಿತು ಎಂದುಕೊಳ್ಳಿ. ಮೈಸೂರು 45 ಕಿಲೋಮೀಟರ್ ದೂರ, ಅಲ್ಲಿ ಜಯದೇವ ಹೃದ್ರೋಗ ಸಂಸ್ಥೆಯೇ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾಗಿದೆ. ಆ ಚುಚ್ಚುಮದ್ದಿನ ಮುಂದೆ ಯಾವ ಹೆಲಿಕಾಪ್ಟರ್ ಕೂಡ ವೇಗದ್ದಲ್ಲ. ಲಕ್ವ ಹೊಡೆದವರಿಗೂ ಹೀಗೆಯೇ. ಹೆಪ್ಪು ಕರಗಿಸುವ ಔಷಧಕ್ಕೆ ನಾಲ್ಕೂವರೆ ಗಂಟೆಯ ಗಡುವಿದೆ, ಅದಕ್ಕೂ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ 108ರಲ್ಲಿ ಓಡಿ. 2008ರ ನವೆಂಬರ್ 1ರಂದು ಆರಂಭವಾದ ಆ ಸೇವೆಯ ಬಿಳಿ ವಾಹನ ಎಷ್ಟು ಸಾಮಾನ್ಯವಾಗಿ ಕಂಡರೂ ಮೊದಲ ಒಂದು ಗಂಟೆಯಲ್ಲಿ ಅದೇ ನಿಮ್ಮ ಏರ್ ಆಂಬುಲೆನ್ಸ್.

ಏರ್ ಆಂಬುಲೆನ್ಸಿನ ಸರದಿ ಬರುವುದು ಆಮೇಲೆ. ರೋಗಿ ಒಂದು ಆಸ್ಪತ್ರೆಯಲ್ಲಿ ಸ್ವಲ್ಪ ಸ್ಥಿರವಾದ ಮೇಲೆ, ಇನ್ನೊಂದು ಆಸ್ಪತ್ರೆಯ ವಿಶೇಷ ಚಿಕಿತ್ಸೆ ಬೇಕಾದಾಗ.

ಎರಡನೇ ಹೆಜ್ಜೆ: ಎರಡು ಕಾಲಂ ಎಳೆಯಿರಿ

ನೋಟ್‌ಪುಸ್ತಕದ ಒಂದು ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ‘ರಸ್ತೆ’, ಬಲಕ್ಕೆ ‘ಆಕಾಶ’ ಎಂದು ಬರೆಯಿರಿ. ಮೈಸೂರಿನಿಂದ ಬೆಂಗಳೂರಿಗೆ ಹೋಗುವುದಾದರೆ ನನ್ನ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ.

ರಸ್ತೆಯ ಕಡೆ: ಐಸಿಯು ಆಂಬುಲೆನ್ಸ್ ಬಾಗಿಲಿಗೆ ಬರಲು 30 ನಿಮಿಷ, ರೋಗಿಯನ್ನು ಸಿದ್ಧಪಡಿಸಿ ಹತ್ತಿಸಲು 40 ನಿಮಿಷ, ಬೆಂಗಳೂರಿನ ಆಸ್ಪತ್ರೆಯ ಬಾಗಿಲಿಗೆ ಎರಡೂವರೆ ಗಂಟೆ. ಒಟ್ಟು 3 ಗಂಟೆ 40 ನಿಮಿಷ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿ ಈ ಲೆಕ್ಕವನ್ನು ಬಹಳ ಬದಲಿಸಿತು. ಅದೇ ವರ್ಷದ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳು ಅದರ ಮುಖ್ಯ ಪಥದಲ್ಲಿಲ್ಲ. ಸಮಯ ನುಂಗುವುದು ಕೆಂಗೇರಿ ದಾಟಿದ ಮೇಲಿನ ನಗರದ ದಟ್ಟಣೆ.

ಆಕಾಶದ ಕಡೆ: ಹೆಲಿಕಾಪ್ಟರ್ ಮೈಸೂರಿನಲ್ಲಿ ನಿಂತಿರುವುದಿಲ್ಲ, ಬೆಂಗಳೂರಿನಿಂದ ಖಾಲಿ ಹಾರಿ ಬರಬೇಕು. ಸಿಬ್ಬಂದಿ ಸೇರಿ, ಹವಾಮಾನ ನೋಡಿ, ಅನುಮತಿ ಪಡೆದು ಮೇಲೇರಲು ಒಂದು ಗಂಟೆ. ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಗೆ ನೇರ ಗೆರೆಯಲ್ಲಿ ಸುಮಾರು 135 ಕಿಲೋಮೀಟರ್, ಅದಕ್ಕೆ 40 ನಿಮಿಷ. ಮಂಡಕಳ್ಳಿಯಲ್ಲಿ ರೋಗಿಯನ್ನು ಒಪ್ಪಿಸಿಕೊಂಡು ಹತ್ತಿಸಲು 35 ನಿಮಿಷ. ಮರಳಿ ಹಾರಲು 40. ಅಲ್ಲಿ ಇಳಿಸಿ, ಇನ್ನೊಂದು ಆಂಬುಲೆನ್ಸಿಗೆ ಹಾಕಿ, ಆಸ್ಪತ್ರೆ ಮುಟ್ಟಿಸಲು 35. ಒಟ್ಟು ಮೂರೂವರೆ ಗಂಟೆ. ಅದೂ ಮೈಸೂರಿನ ಆಸ್ಪತ್ರೆಯವರೇ ರೋಗಿಯನ್ನು ಹೊತ್ತಿಗೆ ಸರಿಯಾಗಿ ಮಂಡಕಳ್ಳಿಗೆ ತಂದಿದ್ದರೆ. ಹಾರಿ ಬಂದ ತಂಡವೇ ಆಸ್ಪತ್ರೆಗೆ ಬಂದು ರೋಗಿಯನ್ನು ಸಿದ್ಧಪಡಿಸಬೇಕಾದರೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ.

ಉಳಿದದ್ದು ಹತ್ತು ನಿಮಿಷ! ಇದಕ್ಕೆ ಕೊಟ್ಟ ಬೆಲೆ ಹಣ ಮಾತ್ರವಲ್ಲ. ರಸ್ತೆಯಲ್ಲಿ ರೋಗಿಯನ್ನು ಎರಡು ಸಲ ಎತ್ತುತ್ತೇವೆ: ಹಾಸಿಗೆಯಿಂದ ಆಂಬುಲೆನ್ಸಿಗೆ, ಆಂಬುಲೆನ್ಸಿನಿಂದ ಹಾಸಿಗೆಗೆ. ಆಕಾಶದಲ್ಲಿ ನಾಲ್ಕು ಸಲ. ಉಸಿರಿನ ಟ್ಯೂಬ್ ಜರುಗುವುದು, ಡ್ರಿಪ್ ಕಿತ್ತು ಬರುವುದು, ರಕ್ತದೊತ್ತಡ ಕುಸಿಯುವುದು ಹೆಚ್ಚಾಗಿ ಹೀಗೆ ಎತ್ತುವ ಕ್ಷಣಗಳಲ್ಲಿಯೇ. ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಮಂಡ್ಯದಿಂದ ಬೆಂಗಳೂರಿಗೆ ಹೆಲಿಕಾಪ್ಟರ್ ಬೇಡ, ಮೈಸೂರಿನಿಂದ ಬೆಂಗಳೂರಿಗೆ ತೀರಾ ಅಪರೂಪಕ್ಕೆ. ಒಳ್ಳೆಯ ವೈದ್ಯರಿರುವ ಒಳ್ಳೆಯ ಐಸಿಯು ಆಂಬುಲೆನ್ಸಿಗೆ ಆ ಹಣದ ಚಿಕ್ಕ ಪಾಲು ಸಾಕು.

ಆದರೆ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಾದಾಗ ಪುಟದ ಬಲಗಡೆ ಗೆಲ್ಲುತ್ತದೆ. ಚೆನ್ನೈಗೆ ರಸ್ತೆಯಲ್ಲಿ ಎಂಟೊಂಬತ್ತು ಗಂಟೆ ವೆಂಟಿಲೇಟರ್ ಮೇಲೆ ಸಾಗಿಸುವುದು ರೋಗಿಗೂ ಕಷ್ಟ, ಸಿಬ್ಬಂದಿಗೂ ಕಷ್ಟ. ವಿಮಾನದಲ್ಲಿ ಹಾರಾಟ ಒಂದು ಗಂಟೆಯ ಆಸುಪಾಸು. ಹಾಗೆಯೇ ಹೆದ್ದಾರಿ ಯಾವುದೋ ಕಾರಣಕ್ಕೆ ಗಂಟೆಗಟ್ಟಲೆ ಕಟ್ಟಿಕೊಂಡಾಗ, ಅಥವಾ ಬೆಂಗಳೂರಿನ ಆಸ್ಪತ್ರೆಯ ಛಾವಣಿಯಲ್ಲೇ ಬಳಕೆಯಲ್ಲಿರುವ ಹೆಲಿಪ್ಯಾಡ್ ಇದ್ದು ಎತ್ತುವ ಒಂದು ಸಲ ತಪ್ಪುವಾಗ, ಲೆಕ್ಕವನ್ನು ಹೊಸದಾಗಿ ಹಾಕಿ.

ಮೂರನೇ ಹೆಜ್ಜೆ: ಹೆಲಿಕಾಪ್ಟರೋ, ವಿಮಾನವೋ

ಏರ್ ಆಂಬುಲೆನ್ಸ್ ಎಂದರೆ ಜನರ ಕಣ್ಣಿಗೆ ಬರುವುದು ಹೆಲಿಕಾಪ್ಟರ್. ನಮ್ಮ ಕಡೆಯಿಂದ ದೂರಕ್ಕೆ ಹೋಗಲು ನಿಜವಾಗಿ ಬೇಕಾಗುವುದು ಚಿಕ್ಕ ವಿಮಾನ. ಮಂಡಕಳ್ಳಿಯ ರನ್‌ವೇ 1,740 ಮೀಟರ್. ದೊಡ್ಡ ಜೆಟ್‌ಗಳಿಗೆ ಅದು ಸಾಲದು, ಆದರೆ ಏರ್ ಆಂಬುಲೆನ್ಸ್ ಆಗಿ ಹೆಚ್ಚು ಬಳಕೆಯಲ್ಲಿರುವ ಕಿಂಗ್ ಏರ್ ಮಾದರಿಯ ಎರಡು ಎಂಜಿನ್ನಿನ ವಿಮಾನಕ್ಕೆ ಧಾರಾಳ. ಅದರ ಒಳಗೆ ಗಾಳಿಯ ಒತ್ತಡವನ್ನು ಕಾಪಾಡುವ ವ್ಯವಸ್ಥೆಯಿದೆ. ಹೆಲಿಕಾಪ್ಟರಿನಲ್ಲಿ ಆ ವ್ಯವಸ್ಥೆ ಇಲ್ಲ, ಆದರೆ ಅದು ಹೆಚ್ಚು ಎತ್ತರಕ್ಕೂ ಹೋಗುವುದಿಲ್ಲ.

ಒಂದು ಸಂಗತಿ ನೆನಪಿಡಿ. ಹೆಲಿಕಾಪ್ಟರುಗಳು ನಮ್ಮಲ್ಲಿ ಬಹುಪಾಲು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ, ಕಣ್ಣಿಗೆ ನೆಲ ಕಾಣುವಾಗ ಮಾತ್ರ ಹಾರುತ್ತವೆ. ಮಧ್ಯಾಹ್ನ ನಾಲ್ಕಕ್ಕೆ ಮಾತುಕತೆ ಆರಂಭಿಸಿದರೆ ಆ ದಿನ ಹೋಯಿತೆಂದೇ ತಿಳಿಯಿರಿ. ವಿಮಾನವಾದರೆ ಮಂಡಕಳ್ಳಿ ನಿಲ್ದಾಣದ ಕೆಲಸದ ವೇಳೆಯನ್ನು ಮೊದಲೇ ಕೇಳಿ. ವೇಳೆ ಮೀರುವಂತಿದ್ದರೆ ವಿಸ್ತರಣೆಗೆ ವಿಮಾನದ ಸಂಸ್ಥೆಯೇ ಕೋರಿಕೆ ಸಲ್ಲಿಸಬೇಕು.

ನಾಲ್ಕನೇ ಹೆಜ್ಜೆ: ಸಂಸ್ಥೆಯನ್ನು ಆರಿಸುವುದು, ಹಣದ ಮಾತು

ಅಂತರಜಾಲದಲ್ಲಿ ಏರ್ ಆಂಬುಲೆನ್ಸ್ ಎಂದು ಹುಡುಕಿದರೆ ಸಿಗುವ ಎಷ್ಟೋ ದೂರವಾಣಿ ಸಂಖ್ಯೆಗಳು ದಳ್ಳಾಳಿಗಳವು. ಅವರ ಬಳಿ ವಿಮಾನವೂ ಇಲ್ಲ, ವೈದ್ಯರೂ ಇಲ್ಲ. ನಿಮ್ಮಿಂದ ಮುಂಗಡ ಪಡೆದ ಮೇಲೆ ವಿಮಾನ ಹುಡುಕಲು ಹೊರಡುತ್ತಾರೆ. ಮಧ್ಯವರ್ತಿ ಇದ್ದರೂ ಇರಲಿ, ಆದರೆ ಈ ನಾಲ್ಕನ್ನು ಕೇಳದೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಹಾರಾಟ ನಡೆಸುವ ಸಂಸ್ಥೆಗೆ ಡಿಜಿಸಿಎ (ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನೀಡಿದ ಪರವಾನಗಿಯ ಸಂಖ್ಯೆ ಏನು? ವಿಟಿ ಎಂದು ಆರಂಭವಾಗುವ ವಿಮಾನದ ನೋಂದಣಿ ಯಾವುದು? ಜೊತೆಗೆ ಬರುವ ವೈದ್ಯರು ಯಾರು, ಅವರ ನೋಂದಣಿ ಸಂಖ್ಯೆ ಏನು, ಅವರು ಅರಿವಳಿಕೆ, ತುರ್ತು ಚಿಕಿತ್ಸೆ ಅಥವಾ ತೀವ್ರ ನಿಗಾ ವಿಭಾಗದವರೇ? ವಿಮಾನ ಈಗ ಯಾವ ಊರಿನಲ್ಲಿ ನಿಂತಿದೆ?

ಕೊನೆಯ ಪ್ರಶ್ನೆಗೆ ತಡವರಿಸಿದರೆ ಫೋನ್ ಇಡಿ.

ದರ ಲಕ್ಷಗಳಲ್ಲಿರುತ್ತದೆ. ಖಾಲಿ ಬರುವ ಹಾರಾಟ, ಖಾಲಿ ಮರಳುವ ಹಾರಾಟ ಎರಡಕ್ಕೂ ನೀವೇ ಕೊಡಬೇಕು. ದರವನ್ನು ಬರಹದಲ್ಲಿ ಕೇಳಿ. ಎರಡೂ ಕಡೆಯ ಆಂಬುಲೆನ್ಸ್, ವೈದ್ಯರ ಶುಲ್ಕ, ಆಮ್ಲಜನಕ, ನಿಲ್ದಾಣದ ಶುಲ್ಕ, ಕಾಯುವ ಪ್ರತಿ ಗಂಟೆಯ ದರ ಅದರಲ್ಲಿ ಸೇರಿದೆಯೇ? ಮಂಜಿನಿಂದ ಹಾರಾಟ ರದ್ದಾದರೆ ಎಷ್ಟು ಮರಳಿಸುತ್ತಾರೆ? ಸಂಸ್ಥೆಯ ಹೆಸರಿನ ಖಾತೆಗೆ ಮಾತ್ರ ಹಣ ಹಾಕಿ, ವ್ಯಕ್ತಿಯ ಖಾತೆಗೆ ಬೇಡ. ಆರೋಗ್ಯ ವಿಮೆ ಇದ್ದರೆ ಪಾಲಿಸಿಯಲ್ಲಿ ‘ಏರ್ ಆಂಬುಲೆನ್ಸ್’ ಎಂಬ ಮಾತು ಇದೆಯೇ, ಎಷ್ಟರ ಮಿತಿಯಿದೆ ಎಂದು ನೋಡಿ. ಕೆಲವು ವಿಮೆಗಳು ಮೊದಲೇ ಒಪ್ಪಿಗೆ ಪಡೆಯಬೇಕೆನ್ನುತ್ತವೆ, ಆ ಕರೆಯನ್ನು ಈಗಲೇ ಮಾಡಿ.

ಇನ್ನೊಂದು ಮಾತು. ಜಮೀನು ಮಾರುವ ಯೋಚನೆಯಲ್ಲಿರುವ ಮನೆಯವರಿಗೆ ವೈದ್ಯರು “ಅಲ್ಲಿಗೆ ಹೋದ ಮೇಲೆ ಎಷ್ಟು ದಿನದ ಚಿಕಿತ್ಸೆ, ಎಷ್ಟು ಖರ್ಚು, ಉಳಿಯುವ ಭರವಸೆ ಎಷ್ಟು” ಎಂಬುದನ್ನು ಹೇಳಲೇಬೇಕು. ಹಾರಾಟಕ್ಕೆ ಎಲ್ಲವನ್ನೂ ಸುರಿದು, ಮೂರನೇ ದಿನ ಔಷಧಕ್ಕೆ ಕಾಸಿಲ್ಲದೆ ನಿಂತವರನ್ನು ಕಂಡಿದ್ದೇನೆ.

ಐದನೇ ಹೆಜ್ಜೆ: ಕಾಗದಗಳು

ಕಾಗದಗಳಿಗೆ ಒಂದೇ ಚೀಲ ಇರಲಿ, ಅದು ಒಬ್ಬರ ಹೆಗಲಿನಲ್ಲೇ ಇರಲಿ. ಅಲ್ಲಿನ ಆಸ್ಪತ್ರೆಯಲ್ಲಿ ಹಾಸಿಗೆ ಇದೆ ಎಂಬ ಲಿಖಿತ ಖಾತರಿ ಎಲ್ಲಕ್ಕಿಂತ ಮುಖ್ಯ. ಒಪ್ಪಿಕೊಂಡ ವೈದ್ಯರ ಹೆಸರೂ ದೂರವಾಣಿ ಸಂಖ್ಯೆಯೂ ಅದರಲ್ಲಿರಬೇಕು. ಆಮೇಲೆ ಚಿಕಿತ್ಸೆಯ ಸಾರಾಂಶ, ಹಾರಾಟಕ್ಕೆ ಯೋಗ್ಯ ಎಂಬ ವೈದ್ಯರ ಪತ್ರ, ಸ್ಕ್ಯಾನಿನ ವರದಿ ಮಾತ್ರವಲ್ಲದೆ ಅದರ ಸಿ.ಡಿ., ಕೊನೆಯ ರಕ್ತ ಪರೀಕ್ಷೆಗಳು, ರಕ್ತದ ಗುಂಪು, ಮನೆಯವರ ಸಹಿಯಿರುವ ಒಪ್ಪಿಗೆ ಪತ್ರ, ರೋಗಿಯ ಮತ್ತು ಜೊತೆಗಾರರ ಗುರುತಿನ ಚೀಟಿ. ರಸ್ತೆ ಅಪಘಾತವಾಗಿದ್ದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಸಂಖ್ಯೆ, ಪೊಲೀಸರಿಗೆ ತಿಳಿಸಿದ ಪತ್ರದ ಪ್ರತಿ ಖಂಡಿತ ಬೇಕು. ಇದೊಂದನ್ನು ಮರೆತು ಮುಂದಿನ ಆಸ್ಪತ್ರೆಯ ಕೌಂಟರಿನಲ್ಲಿ ಅಲೆಯುವವರು ಬಹಳ.

ಮಂಡಕಳ್ಳಿಯ ಒಳಗೆ ಆಂಬುಲೆನ್ಸ್ ವಿಮಾನದ ಪಕ್ಕಕ್ಕೆ ಹೋಗಬೇಕಾದರೆ ವಾಹನದ ಸಂಖ್ಯೆ, ಚಾಲಕ, ವೈದ್ಯರು, ಶುಶ್ರೂಷಕರು, ಎಲ್ಲರ ಹೆಸರನ್ನೂ ಮೊದಲೇ ಕೊಟ್ಟಿರಬೇಕು. ಕೊನೆಯ ಗಳಿಗೆಯಲ್ಲಿ ಚಾಲಕ ಬದಲಾದರೆ ಗೇಟಿನಲ್ಲಿ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು ಕೂಡ.

ಆರನೇ ಹೆಜ್ಜೆ: ಬರುವವರು ಯಾರು, ಯಾರ ಮಾತು ಕೊನೆಯದು

ಪೈಲಟ್‌ಗಳು, ಒಬ್ಬ ವೈದ್ಯ, ಒಬ್ಬ ಪ್ಯಾರಾಮೆಡಿಕ್ ಅಥವಾ ಶುಶ್ರೂಷಕ. ತಂಡ ಇಷ್ಟೇ. ಚಿಕ್ಕ ಜಾಗದಲ್ಲಿ ಕುಳಿತು, ಪಕ್ಕದವರ ಮಾತೂ ಕೇಳಿಸದ ಸದ್ದಿನಲ್ಲಿ, ಸ್ಟೆತಸ್ಕೋಪ್ ಉಪಯೋಗಕ್ಕೆ ಬಾರದ ಜಾಗದಲ್ಲಿ ಇವರು ರೋಗಿಯನ್ನು ಕಾಯುತ್ತಾರೆ. ಎದೆಯ ಸದ್ದು ಆಲಿಸಲಾಗದು ಎಂಬ ಕಾರಣಕ್ಕೆ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಗೆರೆಯ ಮೇಲೆ ಕಣ್ಣಿಟ್ಟಿರುತ್ತಾರೆ. ಟ್ಯೂಬ್ ಜಾರಿದರೆ ಮೊದಲು ಹೇಳುವುದು ಆ ಗೆರೆಯೇ. ಯಂತ್ರದ ಎಚ್ಚರಿಕೆಯ ಸದ್ದು ಕೇಳಿಸದಿದ್ದರೆ ಅದರ ಕೆಂಪು ದೀಪವನ್ನು ನೋಡುತ್ತಾರೆ. ಪರಸ್ಪರ ಮಾತು ಹೆಡ್‌ಫೋನಿನಲ್ಲಿ, ಇಲ್ಲವೇ ಕೈಸನ್ನೆಯಲ್ಲಿ.

ಹಾರಬೇಕೇ ಬೇಡವೇ ಎಂಬುದು ಪೈಲಟ್ ತೀರ್ಮಾನ. ಒಳ್ಳೆಯ ಸೇವೆಗಳಲ್ಲಿ ರೋಗಿಯ ಕತೆಯನ್ನು ಪೈಲಟ್‌ಗೆ ಹೇಳುವುದೇ ಇಲ್ಲ. ಒಳಗಿರುವುದು ಆರು ತಿಂಗಳ ಕೂಸು ಎಂದು ತಿಳಿದರೆ ಯಾರ ಮನಸ್ಸು ತಾನೇ ಮೋಡವನ್ನು ಸರಿಯಾಗಿ ಅಳೆದೀತು? ಹಾಗೆಯೇ ತಂಡದಲ್ಲಿ ಒಬ್ಬರು “ಬೇಡ” ಎಂದರೂ ಹಾರಾಟವಿಲ್ಲ. ದಯವಿಟ್ಟು ಪೈಲಟ್ ಜೊತೆ ಚೌಕಾಶಿ ಮಾಡಬೇಡಿ, ಶಾಸಕರಿಂದ ಫೋನ್ ಮಾಡಿಸಬೇಡಿ. 2024ರ ಅಕ್ಟೋಬರ್‌ನಲ್ಲಿ ಋಷಿಕೇಶದ ಏಮ್ಸ್ ಆಸ್ಪತ್ರೆಯ ಹೆಲಿಕಾಪ್ಟರ್ ಆಂಬುಲೆನ್ಸ್ ಸೇವೆ ಉದ್ಘಾಟನೆಯಾಯಿತು. 2025ರ ಮೇ ತಿಂಗಳಲ್ಲಿ ಅದೇ ಹೆಲಿಕಾಪ್ಟರ್ ಕೇದಾರನಾಥದಲ್ಲಿ ಇಳಿಯುವಾಗ ಬಾಲ ಮುರಿದುಕೊಂಡಿತು. ಒಳಗಿದ್ದವರು ಉಳಿದರು. ರೋಗಿಯನ್ನು ಕರೆತರಲು ಹೋಗುವವರಿಗೂ ಮನೆಯಲ್ಲಿ ಕಾಯುವವರಿದ್ದಾರೆ.

ನಮ್ಮ ಕಡೆ ತೊಂದರೆ ಕೊಡುವ ಕಾಲಗಳು ಹೀಗೆ: ಡಿಸೆಂಬರ್–ಜನವರಿಯಲ್ಲಿ ನಾಲೆ ಬಯಲಿನ ಮೇಲೆ ಕೂರುವ ಬೆಳಗಿನ ಮಂಜು, ಮುಂಗಾರಿನಲ್ಲಿ ರಾಮನಗರದ ಬೆಟ್ಟಗಳ ತಲೆ ಮುಟ್ಟುವ ಮೋಡ, ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಮಧ್ಯಾಹ್ನದ ಗುಡುಗು ಮಳೆ. ಈ ದಿನಗಳಲ್ಲಿ ಏರ್ ಆಂಬುಲೆನ್ಸ್ ಗೊತ್ತುಮಾಡಿದರೂ ರಸ್ತೆಯ ಐಸಿಯು ಆಂಬುಲೆನ್ಸನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿಕೊಳ್ಳಿ. “ಇಷ್ಟು ಗಂಟೆಯವರೆಗೆ ಕಾಯುತ್ತೇವೆ, ಆಮೇಲೆ ಹೊರಟೆವು” ಎಂಬ ಗಡುವನ್ನು ಮೊದಲೇ ಬರೆದಿಡಿ. ಮದ್ದೂರಿನ ಹುಡುಗನಿಗೆ ನಾವು ಮಾಡದೆ ಹೋದದ್ದು ಇದನ್ನೇ.

ಏಳನೇ ಹೆಜ್ಜೆ: ರೋಗಿಯನ್ನು ಸಿದ್ಧಪಡಿಸುವುದು

ಮನೆಯವರ ತಾಳ್ಮೆ ಕೆಡುವುದು ಇಲ್ಲಿ. ವಿಮಾನ ಬಂದು ನಿಂತಿದೆ, ಒಳಗೆ ಇವರು ಇನ್ನೂ ಏನು ಮಾಡುತ್ತಿದ್ದಾರೆ ಎನ್ನಿಸುತ್ತದೆ. ಹಾಸಿಗೆಯ ಪಕ್ಕ ಕಳೆಯುವ ಆ 40 ನಿಮಿಷದಿಂದಲೇ ಆಕಾಶದಲ್ಲಿ ಏನೂ ಆಗದೆ ಉಳಿಯುತ್ತದೆ. ಮೇಲೆ ಹೋದ ಮೇಲೆ ಕೈಯಾಡಿಸಲು ಜಾಗವೇ ಇರುವುದಿಲ್ಲ.

ಮೊದಲು ಗಾಳಿಯ ಲೆಕ್ಕ. ಮೇಲೆ ಹೋದಂತೆ ಹೊರಗಿನ ಒತ್ತಡ ತಗ್ಗುತ್ತದೆ, ದೇಹದೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. 5,000 ಅಡಿಯಲ್ಲಿ ಹಾರುವ ಹೆಲಿಕಾಪ್ಟರಿನಲ್ಲಿ ಆ ಗಾಳಿ ಸುಮಾರು ಹತ್ತನೇ ಒಂದು ಪಾಲು ಹಿಗ್ಗುತ್ತದೆ. ಒತ್ತಡ ಕಾಪಾಡುವ ವಿಮಾನದ ಒಳಗೂ 8,000 ಅಡಿಯ ಗಾಳಿಯಿದ್ದರೆ ಹಿಗ್ಗು ಕಾಲು ಪಾಲಿಗೆ ಹತ್ತಿರ. ಎದೆಗೂಡಿನಲ್ಲಿ ಶ್ವಾಸಕೋಶದ ಹೊರಗೆ ಗಾಳಿ ಸೇರಿದ್ದರೆ ಅದು ಪ್ರಾಣಕ್ಕೇ ಸಂಚಕಾರ. ಅದಕ್ಕೇ ಎದೆಗೆ ನಳಿಕೆ ಹಾಕದೆ ಹಾರುವಂತಿಲ್ಲ. ಹೊಟ್ಟೆ ಉಬ್ಬದಂತೆ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿ ಅದರ ಹೊರತುದಿಯನ್ನು ತೆರೆದಿಡುತ್ತಾರೆ. ಹೊಸದಾಗಿ ಹಾಕಿದ ಪ್ಲಾಸ್ಟರನ್ನು ಉದ್ದಕ್ಕೆ ಸೀಳುತ್ತಾರೆ. ಗಾಜಿನ ಬಾಟಲಿ ಇದ್ದರೆ ಬದಲಿಸುತ್ತಾರೆ.

ಒಮ್ಮೆ ಹಾರಾಟದ ತಂಡದ ಪ್ಯಾರಾಮೆಡಿಕ್ ಒಬ್ಬರು ಉಸಿರಿನ ಟ್ಯೂಬಿನ ತುದಿಯ ಪುಟ್ಟ ಬಲೂನನ್ನು ಸಿದ್ಧಪಡಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಗಂಟಲಿನ ದ್ರವವನ್ನೆಲ್ಲ ಸಕ್ಷನ್ ಮಾಡಿ ತೆಗೆದರು. ಸಿರಿಂಜಿನಿಂದ ಬಲೂನಿನ ಗಾಳಿಯನ್ನು ಎಳೆದರು. ಅದೇ ಬಲೂನಿಗೆ ಸಲೈನ್ ನೀರನ್ನು ಹನಿಹನಿಯಾಗಿ ತುಂಬಿದರು, ಒಂದು ಬೆರಳು ರೋಗಿಯ ಗಂಟಲ ಮೇಲೆ, ಕಣ್ಣು ಮಾನಿಟರ್ ಮೇಲೆ. ನೀರು ಗಾಳಿಯಂತೆ ಹಿಗ್ಗುವುದಿಲ್ಲ, ಶ್ವಾಸನಾಳದ ಗೋಡೆಯನ್ನು ಒತ್ತುವುದಿಲ್ಲ. ಕೆಲವರು ಗಾಳಿಯನ್ನೇ ಇಟ್ಟು ಒತ್ತಡ ಅಳೆಯುವ ಸಾಧನದಿಂದ ದಾರಿಯುದ್ದಕ್ಕೂ ಸರಿಪಡಿಸುತ್ತಾರೆ. ಯಾವ ವಿಧಾನವಾದರೂ ಸರಿ, ಯಾರಾದರೂ ಇದನ್ನು ಯೋಚಿಸಿದ್ದಾರೆಯೇ ಎಂದು ಚಿಕ್ಕ ಆಸ್ಪತ್ರೆಯ ಶುಶ್ರೂಷಕರು ಕೇಳಲು ಹಿಂಜರಿಯಬಾರದು.

ಇನ್ನು ಆಮ್ಲಜನಕ. ನಿಮಿಷಕ್ಕೆ ಎಷ್ಟು ಲೀಟರ್ ಎಂಬುದನ್ನು ಒಟ್ಟು ನಿಮಿಷಗಳಿಂದ ಗುಣಿಸಿ, ಬಂದದ್ದನ್ನು ಎರಡರಿಂದ ಗುಣಿಸಿ. ನಿಮಿಷಕ್ಕೆ 10 ಲೀಟರ್, ದಾರಿ 150 ನಿಮಿಷ ಎಂದರೆ 1,500 ಲೀಟರ್. ಅದು ಒಂದು ತುಂಬಿದ ಬಿ ಟೈಪ್ ಸಿಲಿಂಡರ್. ಹಾಗಾದರೆ ಎರಡು ಇರಲೇಬೇಕು. ಎರಡನೆಯದು ಏಕೆ ಎಂದು ಕೇಳುವವರಿಗೆ ಮಂಡಕಳ್ಳಿಯ ಒಂದು ಬೆಳಗನ್ನು ಹೇಳುತ್ತೇನೆ. ಆಸ್ಪತ್ರೆಯಿಂದ ಅರ್ಧ ಗಂಟೆಯ ದಾರಿ ಎಂದು ಆಂಬುಲೆನ್ಸಿನಲ್ಲಿ ಒಂದೇ ಸಿಲಿಂಡರ್ ಇಟ್ಟಿದ್ದರು, ಅದೂ ಅರ್ಧ ಬಳಸಿದ್ದು. ವಿಮಾನ 50 ನಿಮಿಷ ತಡ. ಮೀಟರಿನ ಮುಳ್ಳು ಕೆಂಪು ಗೆರೆಯ ಕಡೆ ಇಳಿಯುತ್ತಿತ್ತು. ಬದಲಿ ಸಿಲಿಂಡರ್ ಹೊತ್ತ ಇನ್ನೊಂದು ವಾಹನ ನಂಜನಗೂಡು ರಸ್ತೆಯಲ್ಲಿ ಬರುತ್ತಿತ್ತು. ಅದು ತಲುಪಿತು, ಆದರೆ ಸಿಲಿಂಡರ್ ತೆರೆಯುವ ಕೀ ಬಂದಿರಲಿಲ್ಲ. ಹಳೆಯ ಸಿಲಿಂಡರಿನ ಕೀ ಚಾಲಕರ ಸೀಟಿನ ಕೆಳಗೆ ಸಿಕ್ಕಿತು. ಆವತ್ತಿನಿಂದ ನಾನು ಪ್ರತಿ ಸಿಲಿಂಡರಿನ ಕುತ್ತಿಗೆಗೂ ಬ್ಯಾಂಡೇಜ್ ಬಟ್ಟೆಯಿಂದ ಕೀ ಕಟ್ಟುತ್ತೇನೆ.

ಉಳಿದವು ಬೇಗ ಹೇಳುವಂಥವು. ಎರಡು ಕಡೆ ಡ್ರಿಪ್ ದಾರಿ ಇರಲಿ, ಅಂಟುಪಟ್ಟಿ ಬಿಗಿಯಾಗಿರಲಿ. ಅಲುಗಾಟದಲ್ಲಿ ಡ್ರಿಪ್ ಹನಿಗಳನ್ನು ನಂಬಲಾಗದು, ಮುಖ್ಯ ಔಷಧಗಳೆಲ್ಲ ಸಿರಿಂಜ್ ಪಂಪಿನಲ್ಲಿರಲಿ, ಪಂಪಿನ ಬ್ಯಾಟರಿ ತುಂಬಿರಲಿ. ಮೂತ್ರದ ಚೀಲ ಖಾಲಿ ಮಾಡಿ. ಎಚ್ಚರವಿರುವ ರೋಗಿಗೆ ನೋವಿನ, ವಾಂತಿಯ ಔಷಧ ಮೊದಲೇ ಕೊಡಿ, ಕಿವಿಗೆ ಸದ್ದು ತಡೆಯುವ ಕವಚ ಹಾಕಿ, ಕಂಬಳಿ ಹೊದಿಸಿ. ಮತ್ತು ಏನು ನಡೆಯುತ್ತಿದೆ ಎಂದು ಅವರದೇ ಭಾಷೆಯಲ್ಲಿ, ಅವರ ಕೈ ಹಿಡಿದು ಹೇಳಿ. ಪ್ರಜ್ಞೆ ಇಲ್ಲದಂತೆ ಕಾಣುವವರಿಗೂ ಹೇಳಿ.

ಎಂಟನೇ ಹೆಜ್ಜೆ: ನಿಲ್ದಾಣವಲ್ಲದ ಕಡೆ ಇಳಿಯಬೇಕಾದರೆ

ಮೈಸೂರಿನಲ್ಲಿ ಮಂಡಕಳ್ಳಿಯಲ್ಲದೆ ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಇದೆ. ಮಂಡ್ಯದಲ್ಲಿ ವಿಮಾನ ನಿಲ್ದಾಣವಿಲ್ಲ. ಮುಖ್ಯಮಂತ್ರಿಗಳು ಬಂದಾಗ ಹೆಲಿಕಾಪ್ಟರ್ ಯಾವ ಮೈದಾನದಲ್ಲಿ ಇಳಿಯುತ್ತದೆ ಎಂದು ಪ್ರತಿ ತಾಲ್ಲೂಕಿನ ಪೊಲೀಸರಿಗೂ ಗೊತ್ತು. ಹೊಸ ಜಾಗ ಹುಡುಕುವ ಮೊದಲು ಅದನ್ನೇ ಕೇಳಿ. ಜಿಲ್ಲಾಡಳಿತಕ್ಕೆ, ಪೊಲೀಸರಿಗೆ, ಮೈದಾನದ ಒಡೆತನದವರಿಗೆ ತಿಳಿಸಿ ಒಪ್ಪಿಗೆ ಪಡೆಯುವ ಕೆಲಸವನ್ನು ಹೆಲಿಕಾಪ್ಟರ್ ಸಂಸ್ಥೆ ಮಾಡುತ್ತದೆ, ಆದರೆ ಊರಿನವರೊಬ್ಬರು ಜೊತೆಗೆ ಓಡಾಡಿದರೆ ಅರ್ಧ ಗಂಟೆ ಉಳಿಯುತ್ತದೆ.

ಜಾಗ ಸಮತಟ್ಟಾಗಿ, ಕನಿಷ್ಠ 30 ಮೀಟರ್ ಉದ್ದ, 30 ಮೀಟರ್ ಅಗಲ ಇರಬೇಕು. ಇನ್ನೂ ದೊಡ್ಡದು ಬೇಕೇ ಎಂದು ಪೈಲಟ್ ಹೇಳುತ್ತಾರೆ. ನಡುವೆ ನಿಂತು ಸುತ್ತಲೂ ಮೊಬೈಲಿನಲ್ಲಿ ವಿಡಿಯೋ ತೆಗೆದು, ಸ್ಥಳದ ಲೊಕೇಶನ್ ಜೊತೆ ಕಳುಹಿಸಿ. ಪಂಪ್‌ಸೆಟ್‌ಗೆ ಎಳೆದ ತಂತಿ ನಿಮಗೆ ಅಭ್ಯಾಸವಾಗಿ ಕಣ್ಣಿಗೆ ಬೀಳುವುದಿಲ್ಲ, ಮೇಲಿನಿಂದ ಬರುವವರಿಗೂ ಕಾಣುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿ. ಕಬ್ಬು ಕಡಿದ ಗದ್ದೆ ಅಗಲವಾಗಿ ಕಂಡರೂ ಬೇಡ. ಒಣ ತರಗು ಎದ್ದು ಎಂಜಿನ್ನಿಗೆ ನುಗ್ಗುತ್ತದೆ. ಹುಲ್ಲಿನ ಮೆದೆ, ಟಾರ್ಪಾಲಿನ್, ತೆಂಗಿನ ಸೋಗೆ, ಪ್ಲಾಸ್ಟಿಕ್ ಕುರ್ಚಿ, ಎಲ್ಲವನ್ನೂ ದೂರ ಸಾಗಿಸಿ. ದೂಳಿನ ನೆಲಕ್ಕೆ ಟ್ಯಾಂಕರಿನಿಂದ ನೀರು ಹಾಕಿಸಿ. ಗಾಳಿಯ ದಿಕ್ಕು ತಿಳಿಯಲು ದೂರದಲ್ಲೊಂದು ಗಳಕ್ಕೆ ಬಟ್ಟೆಯ ಪಟ್ಟಿ ಗಟ್ಟಿಯಾಗಿ ಕಟ್ಟಿದರೆ ಸಾಕು.

ಜನರನ್ನು ಹಗ್ಗ ಕಟ್ಟಿ 50–60 ಮೀಟರ್ ಹಿಂದೆ ನಿಲ್ಲಿಸಿ. ರೆಕ್ಕೆ ನಿಲ್ಲುವವರೆಗೆ, ಪೈಲಟ್ ಕೈ ಮಾಡುವವರೆಗೆ ಯಾರೂ ಮುಂದೆ ಹೋಗಬಾರದು. ಹೋಗುವುದು ಪೈಲಟ್ ಕಣ್ಣಿಗೆ ಕಾಣುವ ಮುಂಭಾಗದಿಂದ ಮಾತ್ರ. ಬಾಲದಲ್ಲಿ ತಿರುಗುವ ಚಿಕ್ಕ ರೆಕ್ಕೆ ವೇಗದಿಂದಾಗಿ ಕಾಣಿಸುವುದೇ ಇಲ್ಲ, ಆ ಕಡೆ ಯಾರೂ ಕಾಲಿಡಬಾರದು. ಟವೆಲ್, ಟೋಪಿ, ಸೆರಗು ಬಿಗಿಯಾಗಿರಲಿ. ಡ್ರಿಪ್ ಬಾಟಲಿಯನ್ನು ಕೋಲಿನ ಮೇಲೆ ಎತ್ತಿ ಹಿಡಿದು ನಡೆಯುವ ಅಭ್ಯಾಸ ನಮ್ಮ ವಾರ್ಡ್‌ಗಳಲ್ಲಿದೆ. ಇಲ್ಲಿ ಅದನ್ನು ರೋಗಿಯ ಎದೆಯ ಮೇಲೆ ಮಲಗಿಸಿ, ಸ್ಟ್ರೆಚರನ್ನು ಸೊಂಟದ ಮಟ್ಟಕ್ಕಿಂತ ಮೇಲೆ ಎತ್ತದೆ ನಡೆಯಿರಿ.

ಒಂಬತ್ತನೇ ಹೆಜ್ಜೆ: ಜೊತೆಗೆ ಯಾರು

ಹೆಲಿಕಾಪ್ಟರಿನಲ್ಲಿ ಮನೆಯವರಿಗೆ ಒಂದು ಜಾಗ ಸಿಕ್ಕರೆ ಪುಣ್ಯ, ಹಲವು ಸಲ ಅದೂ ಇರುವುದಿಲ್ಲ. ವಿಮಾನದಲ್ಲಿ ಒಬ್ಬರೋ ಇಬ್ಬರೋ. ಜೊತೆಗಾರರ ತೂಕವನ್ನೂ ಚೀಲದ ತೂಕವನ್ನೂ ಮೊದಲೇ ಕೇಳುತ್ತಾರೆ, ಸಂಕೋಚವಿಲ್ಲದೆ ನಿಜ ಹೇಳಿ. ಟಿಫಿನ್ ಕ್ಯಾರಿಯರ್, ಹಾಸಿಗೆ ಗಂಟು ರಸ್ತೆಯಲ್ಲಿ ಬರಲಿ. ಅಮ್ಮನೇ ಹೋಗಬೇಕು ಎಂದು ಮನಸ್ಸು ಹೇಳುತ್ತದೆ. ಆದರೆ ಅಳು ತಡೆಯಲಾಗದ ಸ್ಥಿತಿಯಲ್ಲಿ ಅವರನ್ನು ಆ ಇಕ್ಕಟ್ಟಿನಲ್ಲಿ ಕೂರಿಸುವುದು ಅವರಿಗೂ ಹಿಂಸೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಲ್ಲ, ಹಣ ಕಟ್ಟಬಲ್ಲ ಒಬ್ಬರನ್ನು ನಿರ್ಧಾರವಾದ ಕೂಡಲೇ ಕಾರಿನಲ್ಲೋ ರೈಲಿನಲ್ಲೋ ಮುಂದೆ ಕಳುಹಿಸಿ. ರೋಗಿ ಬರುವ ಹೊತ್ತಿಗೆ ಅವರು ಅಲ್ಲಿನ ಕೌಂಟರಿನಲ್ಲಿರಬೇಕು. ಆಂಬುಲೆನ್ಸ್ ಹಿಂದೆ ಕಾರು ಓಡಿಸಿಕೊಂಡು ಹೋಗುವುದು ಮಾತ್ರ ಬೇಡವೇ ಬೇಡ.

ಹತ್ತನೇ ಹೆಜ್ಜೆ: ಒಪ್ಪಿಸುವುದು, ಆಮೇಲಿನ ಕೆಲಸ

ಕಳುಹಿಸುವ ಆಸ್ಪತ್ರೆಯ ವೈದ್ಯರು ಹಾರಾಟದ ವೈದ್ಯರಿಗೆ ಎದುರೆದುರೇ ನಿಂತು ಹೇಳಬೇಕು: ಏನಾಯಿತು, ಏನು ಮಾಡಿದೆವು, ಈಗ ಯಾವ ಔಷಧ ಎಷ್ಟು ವೇಗದಲ್ಲಿ ಹೋಗುತ್ತಿದೆ, ದಾರಿಯಲ್ಲಿ ಯಾವುದರ ಭಯವಿದೆ. ಕೊನೆಯದನ್ನು ಬಿಡಬೇಡಿ. “ಮಗ್ಗುಲು ಹೊರಳಿಸಿದರೆ ಒತ್ತಡ ಬೀಳುತ್ತದೆ” ಎಂಬಂಥ ಒಂದು ಮಾತು ಇಡೀ ಕೇಸ್ ಶೀಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಆಗ ಸುತ್ತಲಿನವರೆಲ್ಲ ಸುಮ್ಮನಿರಲಿ, ಯಾರೂ ರೋಗಿಯನ್ನು ಎತ್ತಲು ಕೈ ಹಾಕದಿರಲಿ.

ಹಾರಿದ ಕೂಡಲೇ ಅಲ್ಲಿನ ಆಸ್ಪತ್ರೆಗೆ ಫೋನ್ ಮಾಡಿ ಹೊರಟ ಸಮಯ ಹೇಳಿ, ಅಲ್ಲಿನ ಆಂಬುಲೆನ್ಸ್ ನಿಲ್ದಾಣದಲ್ಲಿ ನಿಂತಿದೆಯೇ ಎಂದು ಚಾಲಕರನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ಬಿಲ್, ಹಾರಾಟದ ದಾಖಲೆ, ದಾರಿಯಲ್ಲಿ ತಂಡ ಬರೆದ ಚಿಕಿತ್ಸಾ ಹಾಳೆಯ ಪ್ರತಿ, ಇವಿಷ್ಟನ್ನು ಅಂದೇ ಪಡೆಯಿರಿ. ವಿಮೆಯವರು ಸಮಯಗಳನ್ನು ಕೇಳುತ್ತಾರೆ. ಅದಕ್ಕೆ ಆ ಎರಡು ಕಾಲಂ ಎಳೆದ ಪುಟ ಎಸೆಯಬೇಡಿ. ನಾವು ಅಂದಾಜು ಮಾಡಿದ ಸಮಯದ ಪಕ್ಕದಲ್ಲಿ ನಿಜವಾಗಿ ಹಿಡಿದ ಸಮಯವನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ: ಹಾಸಿಗೆ ಬಿಟ್ಟದ್ದು, ಮಂಡಕಳ್ಳಿ ಗೇಟು, ಮೇಲೇರಿದ್ದು, ಇಳಿದದ್ದು, ಹೊಸ ಹಾಸಿಗೆ. ನನ್ನ ಪುಸ್ತಕದಲ್ಲಿ ಅಂಥ ಪುಟಗಳನ್ನು ಮುಂದಿನ ರೋಗಿಯ ಲೆಕ್ಕ ಹಾಕುವ ಮೊದಲು ತಿರುವಿ ನೋಡುತ್ತೇನೆ. ಮೊದಲ ಪುಟದಲ್ಲಿ ಬಲಗಡೆ ಖಾಲಿಯಿದೆ, ಎಡಗಡೆ ಒಂದೇ ಸಾಲು: ಬೆಳಗ್ಗೆ 11.10, ಮದ್ದೂರಿನ ಹುಡುಗ, ರಸ್ತೆ.